ನೂರು ಲೀಟರಿನ ಹಂಡೆ

ಮಾಗ್ನೆ ಹೊಸ ಹಂಡೆ ತಂದಿದ್ದಾನೆ ಎಂಬ ಸುದ್ದಿ ಅವನ ಅಕ್ಕ ಗುರೋಳಿಗೆ ಅವನ ಬಾಯಿಂದ ಬರಲಿಲ್ಲ. ಕಣಿವೆಯಲ್ಲಿ ಬಾಯಿ ಇದ್ದವರೆಲ್ಲರಿಂದ ಬಂತು. ಅಂಗಡಿಯಲ್ಲಿ ಬ್ರೆಡ್ಡಿಗೆಂದು ಸಾಲಿನಲ್ಲಿ ನಿಂತಾಗ ಹಿಂದಿನವಳು ಹೇಳಿದಳು. ಅಂಚೆಯವನು ಹೇಳಿದ. ಕೊನೆಗೆ ಹಲ್ಲಿನ ಡಾಕ್ಟರು, ಇವಳ ಬಾಯಲ್ಲಿ ಎರಡು ಬೆರಳಿಟ್ಟುಕೊಂಡು, ಉತ್ತರ ಕೊಡಲಾಗದ ಹೊತ್ತು ನೋಡಿ, "ನಿಮ್ಮ ತಮ್ಮ ಭಾರೀ ಹಂಡೆ ತಂದಿದಾರಂತಲ್ಲ" ಎಂದರು. ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸಿದ್ದು ಅದೇ.

ಮಗಳ ಮದುವೆಗೆ ಬಿಯರನ್ನು ತಾನೇ ಮನೆಯಲ್ಲಿ ಕಾಯಿಸುತ್ತೇನೆ ಎಂದು ಮಾಗ್ನೆ ಸಾರಿ ತಿಂಗಳಾಗಿತ್ತು. ಪಶ್ಚಿಮ ನಾರ್ವೆಯ ಆ ಕಣಿವೆಯಲ್ಲಿ ಮದುವೆಗೆ ಅಂಗಡಿಯ ಬಿಯರ್ ಇಟ್ಟರೆ ಜನ ಕುಡಿಯುತ್ತಾರೆ, ಆದರೆ ಹತ್ತು ವರ್ಷ ಆಡಿಕೊಳ್ಳುತ್ತಾರೆ. ಹಾಗಾಗಿ ಮನೆಯಲ್ಲಿ ಕಾಯಿಸುವುದು ಸರಿಯೇ. ಆದರೆ ಮಾಗ್ನೆ ಐವತ್ತೇಳು ವರ್ಷದಲ್ಲಿ ಒಂದು ಲೋಟ ಬಿಯರನ್ನೂ ಕಾಯಿಸಿದವನಲ್ಲ. ಅಪ್ಪ ಕಾಯಿಸುವಾಗ ಪಕ್ಕದಲ್ಲಿ ನಿಂತಿದ್ದ, ಅಷ್ಟೆ. ಗಂಡುಮಗನೆಂದು ಅಪ್ಪ ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದ. ನಾಲ್ಕು ವರ್ಷ ದೊಡ್ಡವಳಾದ ಗುರೋ ಬಾಗಿಲಾಚೆ ನಿಂತು ನೋಡುತ್ತಿದ್ದಳು. ಪಕ್ಕದಲ್ಲಿದ್ದವನು ಆಕಳಿಸಿದ, ಬಾಗಿಲಾಚೆಯವಳು ಕಲಿತಳು. ಅಪ್ಪ ಸತ್ತ ಮೇಲೆ ಮನೆತನದ ತಾಮ್ರದ ಹಂಡೆ ಸೇರಿದ್ದು ಮಾತ್ರ ಆಕಳಿಸಿದವನ ಕೈಗೆ. ಅವನು ಅದನ್ನು ಕೆಳಗಿನ ಊರಿನ ಹೋಟೆಲೊಂದಕ್ಕೆ ಮಾರಿದ. ಈಗ ಅದು ಹೋಟೆಲಿನ ಬಾಗಿಲಲ್ಲಿದೆ. ಬಂದವರು ಅದರಲ್ಲಿ ಒದ್ದೆ ಕೊಡೆ ಸಿಕ್ಕಿಸುತ್ತಾರೆ. ಗುರೋ ಆ ಬೀದಿಯಲ್ಲೇ ನಡೆಯುವುದಿಲ್ಲ.

ಅವಳ ಹಂಡೆಯ ಕತೆ ಬೇರೆ. ಊರಿನ ಹಾಲಿನ ಡೈರಿಯಲ್ಲಿ ಮೂವತ್ತೊಂದು ವರ್ಷ ಚೀಸಿನ ತೊಟ್ಟಿಗಳನ್ನು ತೊಳೆದವಳು ಅವಳು. ಡೈರಿ ಮುಚ್ಚಿದಾಗ ಗುಜರಿಗೆ ಹೊರಟಿದ್ದ ನೂರೆಂಬತ್ತು ಲೀಟರಿನ ಒಂದು ಸ್ಟೀಲ್ ಹಂಡೆಯನ್ನು ಕೇಳಿ ತಂದುಕೊಂಡಳು. ಬುಡದಲ್ಲಿ ಹೆಬ್ಬೆರಳು ತೂರುವಷ್ಟು ದಪ್ಪದ ನಲ್ಲಿ ಕೂಡಿಸಿದಳು. ಹಂಡೆಯ ಒಂದು ಪಕ್ಕ ಜಜ್ಜಿಹೋಗಿದೆ, ಒಂದು ಹಿಡಿಕೆ ಇಲ್ಲ. ಊರವರು ಅದನ್ನು 'ಚೀಸ್ ಹಂಡೆ' ಎಂದು ನಗುತ್ತಾರೆ. ನಗಲಿ. ಕ್ರಿಸ್‌ಮಸ್ಸಿನ ಬಿಯರಿನ ಹೊತ್ತಿಗೆ ಚೀಸ್ ಹಂಡೆ ಇರುವ ಮನೆಯ ದಾರಿ ಅವರಿಗೆಲ್ಲ ಚೆನ್ನಾಗಿ ನೆನಪಾಗುತ್ತದೆ.

ಹಲ್ಲಿನ ಡಾಕ್ಟರಿಂದ ನೇರ ತಮ್ಮನ ಮನೆಗೆ ಹೋದಳು. ಮಾಗ್ನೆ ಡ್ರೈವಿಂಗ್ ಶಾಲೆ ನಡೆಸುವವನು. ಎದುರಿಗೆ ಯಾರೇ ಬರಲಿ, ಅವರಿಗೆ ಬಲಕ್ಕೆ ತಿರುಗುವುದನ್ನು ಹೇಳಿಕೊಡುವ ದನಿಯಲ್ಲೇ ಮಾತಾಡುತ್ತಾನೆ. ಕಾರು ಷೆಡ್ಡಿನ ನಡುವೆ, ಹಂಡೆಯ ಮೇಲೆ ಹೊದಿಸಿದ್ದ ಬಟ್ಟೆಯನ್ನು ಪ್ರತಿಮೆ ಅನಾವರಣ ಮಾಡುವವನಂತೆ ಎಳೆದ.

"ನೋಡಕ್ಕ. ತಳ ಮೂರು ಪದರ. ಒಳಗೆ ಸ್ಟೀಲು, ಹೊರಗೆ ಸ್ಟೀಲು, ನಡುವೆ ಅಲ್ಯೂಮಿನಿಯಂ. ಶಾಖ ಎಲ್ಲಾ ಕಡೆ ಸಮವಾಗಿ ಹರಡತ್ತೆ. ಹಂಡೆ ಗೋಡೆಗೇ ಥರ್ಮಾಮೀಟರು. ಒಳಗಡೆ ಲೀಟರಿನ ಗೆರೆ. ಕಾಳು ನಿಲ್ಲೋಕೆ ಜರಡಿ ತಟ್ಟೆ."

ಹಂಡೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರಲ್ಲಿ ಅವಳ ಮುಖ ಕುಂಬಳಕಾಯಿಯಷ್ಟು ಅಗಲವಾಗಿ ಕಂಡಿತು. ಬಗ್ಗಿ ತಳಕ್ಕೆ ಬೆರಳಿನಿಂದ ತಟ್ಟಿ ನೋಡಿದಳು. ಸ್ಟೀಲು ಕೆಟ್ಟದ್ದಲ್ಲ, ಅದನ್ನು ಒಪ್ಪಲೇಬೇಕು. ನಲ್ಲಿ ಮಾತ್ರ ಪೆನ್ಸಿಲಿನಷ್ಟು ಸಣ್ಣ.

"ಎಷ್ಟು ಲೀಟರಿಂದು?"

"ನೂರು."

"ಬಿಯರ್ ಎಷ್ಟು ಬೇಕು?"

"ನೂರು ಲೀಟರು. ಅದಕ್ಕೇ ಅಲ್ವಾ ನೂರರದ್ದು ತಂದಿದ್ದು!"

ತಮಾಷೆ ಮಾಡುತ್ತಿದ್ದಾನೇನೋ ಎಂದು ಮುಖ ನೋಡಿದಳು. ಇಲ್ಲ. ನೂರು ಲೀಟರ್ ಬಿಯರ್ ಇಳಿಯಬೇಕಾದರೆ ಮೂರು ಗಂಟೆ ಕುದಿದು ಆವಿಯಾಗುವುದಕ್ಕೆ ಲೆಕ್ಕ ಹಿಡಿಯಬೇಕು, ನೊರೆ ಏಳುವುದಕ್ಕೆ ಜಾಗ ಬಿಡಬೇಕು. ನೂರೈವತ್ತರ ಹಂಡೆಗಿಂತ ಚಿಕ್ಕದು ಸಾಲದು. ಹಾಲು ಕಾಯಿಸುವ ಹೆಂಗಸಿಗೂ ಗೊತ್ತಿರುವ ಮಾತು. ಹೇಳಬೇಕೆಂದು ಬಾಯಿ ತೆರೆದಳು.

ಅಷ್ಟರಲ್ಲಿ ಮಾಗ್ನೆ ಅವಳ ಭುಜ ತಟ್ಟಿದ. "ನೀನೇನೂ ತಲೆ ಕೆಡಿಸ್ಕೋಬೇಡ ಅಕ್ಕ. ಅಂಗಡಿಯೋನು ನನ್ನ ಹತ್ರನೇ ಡ್ರೈವಿಂಗ್ ಕಲ್ತೋನು, ಎಲ್ಲಾ ಬಿಡಿಸಿ ಹೇಳಿದಾನೆ. ಶನಿವಾರ ಬಂದು ಆರಾಮಾಗಿ ಕೂತ್ಕೊಂಡು ನೋಡು. ಕೊನೇಲಿ ಪಾತ್ರೆ ಗೀತ್ರೆ ತೊಳೆಯೋದಿದ್ರೆ ಕೈ ಹಾಕುವಂತೆ. ನಿಂಗೆ ಅಭ್ಯಾಸ ಇದ್ಯಲ್ಲ."

ತೆರೆದ ಬಾಯಿಯನ್ನು ಗುರೋ ಮುಚ್ಚಿಕೊಂಡಳು.

ಮನೆಗೆ ಹತ್ತುವ ದಾರಿಯಲ್ಲಿ ಶೂರ್ ಸಿಕ್ಕಿದ. ಎಂಬತ್ತೊಂದರ ಮುದುಕ, ಪಕ್ಕದ ಮನೆಯವನು. ಬಾಗಿಲಾಚೆ ನಿಂತು ಅರ್ಧ ಕಲಿತ ಗುರೋಳಿಗೆ ಉಳಿದರ್ಧವನ್ನು ಕಲಿಸಿದವನು ಅವನೇ. ಬೇಲಿಯ ಮೇಲೆ ಮೊಣಕೈಯೂರಿ ನಿಂತಿದ್ದವನಿಗೆ ಅವಳು ಸಂಗತಿ ಹೇಳಿದಳು.

"ನೂರಕ್ಕೆ ನೂರಾ?" ಎಂದ ಶೂರ್ ಕೆಮ್ಮು ಬರುವ ತನಕ ನಕ್ಕ. "ಹೇಳಿದ್ಯೋ ಇಲ್ವೋ ಅವನಿಗೆ?"

"ನಾನೇನು ಹೇಳ್ಲಿ ಶೂರಣ್ಣ? ಪಾತ್ರೆ ತೊಳೆಯೋಳು ನಾನು."

"ಹೋಗ್ಲಿ ಬಿಡು. ಸ್ಟೀಲು ತಗೊಂಡಾಗ್ಲೇ ಕೆಟ್ಟ. ತಾಮ್ರಕ್ಕೆ ಒಂದು ಜೀವ ಇರತ್ತೆ ಕಣೇ."

"ಜೀವ ಇದ್ರೆ ತನ್ನ ಮೈ ತಾನೇ ತೊಳ್ಕೊಳ್ಳಲಿ. ನಿಮ್ಮ ಹಂಡೆ ಕಿಲುಬು ಉಜ್ಜೋಕೆ ಪ್ರತಿ ಸಲ ಎರಡು ದಿನ ಒದ್ದಾಡ್ತೀರಿ. ಬಂದುಬಿಟ್ರು ಜೀವ ಗೀವ ಅಂತ!"

ಶೂರ್ ಇನ್ನಷ್ಟು ನಕ್ಕ. ಅವಳಿಗೆ ನಗು ಬರಲಿಲ್ಲ. ತಾಮ್ರವನ್ನು ಪೂಜೆ ಮಾಡುವವರನ್ನು ಕಂಡರೂ ಅವಳಿಗಾಗದು, ಹೊಳಪಿಗೆ ಮರುಳಾಗುವವರನ್ನು ಕಂಡರೂ ಆಗದು. ಹಂಡೆ ಎಂದರೆ ತಳ, ಅಗಲ, ಎತ್ತರ, ನಲ್ಲಿ. ಮಿಕ್ಕಿದ್ದೆಲ್ಲ ಗಂಡಸರ ಆಟದ ಸಾಮಾನು ಎಂಬುದು ಅವಳ ಅಭಿಪ್ರಾಯ.

ಶನಿವಾರ ಬೆಳಗ್ಗೆ ಏಳಕ್ಕೆ ಹೋದಳು. ಹೋಗುವಾಗ ಏನನ್ನೂ ಒಯ್ಯಲಿಲ್ಲ, ಸೌಟನ್ನೂ ಇಲ್ಲ. ಮಾಗ್ನೆ ಹೊಸ ಚರ್ಮದ ಏಪ್ರನ್ ಕಟ್ಟಿಕೊಂಡಿದ್ದ, ಎದೆಯ ಮೇಲೆ ಅವನ ಹೆಸರನ್ನು ಸುಟ್ಟು ಬರೆಸಿತ್ತು. ಗೋಡೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಒಂದು ಪಟ್ಟಿ: ಎಂಟಕ್ಕೆ ಇದು, ಒಂಬತ್ತೂವರೆಗೆ ಅದು, ಹನ್ನೊಂದಕ್ಕೆ ಮತ್ತೊಂದು. ರೈಲು ನಿಲ್ದಾಣ ನಡೆಸುವವನ ಹಾಗಿತ್ತು.

"ಜುನಿಪರ್ ಕೊಂಬೆ ಎಲ್ಲಿ?" ಎಂದು ಗುರೋ ಕೇಳಿದಳು. ಕಣಿವೆಯಲ್ಲಿ ಬಿಯರ್ ಕಾಯಿಸುವವರೆಲ್ಲ ಜುನಿಪರ್ ಎಂಬ ಘಮದ ಮುಳ್ಳುಪೊದೆಯ ಕೊಂಬೆಗಳನ್ನು ತಳದಲ್ಲಿ ಹಾಸಿ ಅದರ ಮೇಲೆ ಕಾಳು ಸುರಿಯುತ್ತಾರೆ. ರುಚಿಗೂ ಆಯಿತು, ರಸ ಸೋಸಿ ಇಳಿಯುವುದಕ್ಕೂ ಆಯಿತು.

"ಜರಡಿ ತಟ್ಟೆ ಇರುವಾಗ ಕಸ ಕಡ್ಡಿ ಯಾಕೆ? ಎರಡು ರೆಂಬೆ ಬಿಸಿನೀರಿಗೆ ಹಾಕಿದೀನಿ, ಘಮಕ್ಕೆ."

ಅವಳು ಗೋಡೆಯ ಪಕ್ಕ ಒಂದು ಕುರ್ಚಿ ಎಳೆದುಕೊಂಡು ಕೂತಳು. ಕೈ ಕಟ್ಟಿಕೊಂಡಳು. ಆಮೇಲೆ ಹೊತ್ತು ಕಳೆದದ್ದು ಅವಳಿಗೆ ಒಳ್ಳೆಯ ನಾಟಕ ನೋಡಿದ ಹಾಗೇ ಇತ್ತು.

ಮೂವತ್ತು ಕಿಲೋ ಒಡೆದ ಮಾಲ್ಟು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಕಾಳು, ಅದರ ಮೇಲೆ ಎಪ್ಪತ್ತು ಲೀಟರ್ ಬಿಸಿನೀರು ಬೀಳುತ್ತಲೇ ಹಂಡೆ ಕಂಠದವರೆಗೆ ಬಂತು. ಮಾಗ್ನೆ ಮರದ ಹುಟ್ಟಿನಿಂದ ಕಲಕಿದ. ಪ್ರತಿ ಸುತ್ತಿಗೂ ಗಂಜಿ ಅಂಚು ದಾಟಿ ಏಪ್ರನ್ನಿನ ಮೇಲಿದ್ದ ಅವನ ಹೆಸರಿನ ಮೇಲೆ ಚೆಲ್ಲಿತು. ಥರ್ಮಾಮೀಟರು ಅರವತ್ತೊಂದು ತೋರಿಸಿತು. ಬೇಕಾದದ್ದು ಅರವತ್ತೇಳು.

"ಸ್ವಲ್ಪ ಉರಿ ಕೊಡೋಣ" ಎಂದು ಕೆಳಗೆ ಗ್ಯಾಸ್ ಹಚ್ಚಿದ.

ಗೋಡೆಗೆ ಕೂಡಿಸಿದ ಥರ್ಮಾಮೀಟರು ಗೋಡೆಯ ಬಳಿಯ ಬಿಸಿಯನ್ನಷ್ಟೇ ಹೇಳುತ್ತದೆ. ತಳದಲ್ಲಿ, ಜರಡಿಯ ಅಡಿಗೆ ಸೋರಿ ಕೂತ ಹಿಟ್ಟು ಆಗಲೇ ಬೇಯುತ್ತಿದ್ದಿರಬೇಕು. ಗುರೋಳಿಗೆ ಅದು ಕಣ್ಣಿಗೆ ಕಂಡಷ್ಟು ಸ್ಪಷ್ಟ. ಹತ್ತು ನಿಮಿಷಕ್ಕೆ ಮೂಗಿಗೂ ಬಂತು, ರೊಟ್ಟಿ ಸೀದ ವಾಸನೆ.

ಮಾಗ್ನೆ ಮೂಗೇರಿಸಿದ. "ಆಹಾ, ಮಾಲ್ಟಿನ ಘಮ ನೋಡಕ್ಕ!"

"ಚೆನ್ನಾಗಿದೆ" ಎಂದಳು ಅವಳು.

ಒಂದು ಗಂಟೆಯ ಮೇಲೆ ನಲ್ಲಿ ತಿರುಗಿಸಿದ. ಒಂದು ಲೋಟದಷ್ಟು ರಸ ಬಂತು, ಆಮೇಲೆ ಹನಿ, ಆಮೇಲೆ ಏನೂ ಇಲ್ಲ. ಜರಡಿ ಕಟ್ಟಿಕೊಂಡಿತ್ತು. ಅವನು ನಲ್ಲಿಯನ್ನು ಪೂರ್ತಿ ತಿರುಗಿಸಿದ, ಹಂಡೆಯ ಪಕ್ಕೆಗೆ ಗುದ್ದಿದ, ಮಂಡಿಯೂರಿ ತಂತಿ ತೂರಿಸಿದ. ಕೊನೆಗೆ ನಲ್ಲಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಬಾಯಲ್ಲಿಟ್ಟು ಊದಿದ. ಕೆನ್ನೆ ಕಪ್ಪೆಯಂತೆ ಉಬ್ಬಿತು. ಒಳಗೆ ಏನೋ ಗುಳುಕ್ ಎಂದಿತು, ಊದಿದ್ದು ವಾಪಸು ಬಂತು. ಮಾಗ್ನೆ ಬಿಸಿ ರಸವನ್ನು ಉಗುಳುತ್ತ ಷೆಡ್ಡಿನ ತುಂಬ ಕುಣಿದ.

ಗುರೋ ಕಾಫಿ ಕುಡಿದಳು. ಅವನೊಂದು ಮಾತು ಕೇಳಿದ್ದರೆ ಸಾಕಿತ್ತು. ಅಕ್ಕ ಏನು ಮಾಡ್ಲಿ, ಮೂರೇ ಪದ. ಅವನು ಕೇಳಲಿಲ್ಲ. ಪಟ್ಟಿ ನೋಡಿದ, ಫೋನು ನೋಡಿದ, ಅಂಗಡಿಯವನಿಗೆ ಫೋನು ಮಾಡಿ ಅವನು ಎತ್ತಲಿಲ್ಲವೆಂದು ಬೈದ. ಮೂರು ಅಡಿ ದೂರದಲ್ಲಿ ಕೂತ ಅಕ್ಕನ ಕಡೆಗೆ ಮಾತ್ರ ತಿರುಗಲಿಲ್ಲ.

ಹೇಗೋ ಬಕೆಟ್ಟಿನಿಂದ ಬಗೆದು, ಬಟ್ಟೆಯಲ್ಲಿ ಹಿಂಡಿ, ಮೇಲಿಂದ ಬಿಸಿನೀರು ಹೊಯ್ದು, ಮಧ್ಯಾಹ್ನ ಒಂದರ ಹೊತ್ತಿಗೆ ತೊಂಬತ್ತಾರು ಲೀಟರ್ ಕಲಕು ರಸ ಮಾಡಿಕೊಂಡ. ಚರಟ ಎಸೆದು, ಹಂಡೆಯನ್ನು ಕಾಟಾಚಾರಕ್ಕೆ ತೊಳೆದು, ರಸವನ್ನೆಲ್ಲ ಅದಕ್ಕೇ ಸುರಿದ. ಅಂಚಿಗೂ ರಸಕ್ಕೂ ನಡುವೆ ಎರಡು ಬೆರಳಿನ ಜಾಗ. ಅದರ ಮೇಲೊಂದು ಮುಷ್ಟಿ ಹಾಪ್ಸ್ ಹೂವು, ಕಹಿಗೆ. ಗ್ಯಾಸನ್ನು ಪೂರ್ತಿ ತಿರುಗಿಸಿದ.

ಕುದಿ ಬರುವ ಮುಂಚೆ ರಸದ ಮೇಲೆ ಕಂದು ನೊರೆ ಕಟ್ಟುತ್ತದೆ. ಮೊದಲು ಅಂಚಿನಲ್ಲಿ, ಆಮೇಲೆ ನಡುವೆ. ಆಗ ಉರಿ ತಗ್ಗಿಸಬೇಕು, ಸೌಟು ಹಿಡಿದು ನೊರೆ ತೆಗೆಯುತ್ತಿರಬೇಕು, ಪಕ್ಕದಲ್ಲಿ ಒಂದು ಚೊಂಬು ತಣ್ಣೀರು ಇರಲೇಬೇಕು. ಮಾಗ್ನೆ ಹಂಡೆಗೆ ಬೆನ್ನು ಹಾಕಿ ನಿಂತು, ತಾನೂ ಹಂಡೆಯೂ ಬರುವಂತೆ ಫೋನಿನಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದ. ಗುರೋ ನೊರೆ ಕಟ್ಟುವುದನ್ನು ನೋಡಿದಳು. ಅದು ಉಬ್ಬುವುದನ್ನು ನೋಡಿದಳು. ಒಳಗೊಳಗೆ ಅವಳಿಗೆ ಖುಷಿಯಾಗುತ್ತಿತ್ತು. ಈಗ ಉಕ್ಕಲಿ, ಎಂದುಕೊಂಡಳು. ಆ ಏಪ್ರನ್ನು, ಆ ಪಟ್ಟಿ, ಆ ಫೋನು ಎಲ್ಲದರ ಮೇಲೂ ಉಕ್ಕಲಿ.

ಆಗ ಪಕ್ಕದ ಬಾಗಿಲು ತಳ್ಳಿಕೊಂಡು ಇಂಗ್ವಿಲ್ ಬಂದಳು, ಮಾಗ್ನೆಯ ಮಗಳು, ಮದುವಣಗಿತ್ತಿ. ಎರಡೂ ಕೈಯಲ್ಲಿ ಬನ್ನಿನ ತಟ್ಟೆ, ಕಾಲಲ್ಲಿ ತೆಳ್ಳನೆಯ ಚಪ್ಪಲಿ. "ಅಪ್ಪಾ, ಅತ್ತೇ, ಬಿಸಿ ಬಿಸಿ ಇದೆ—" ಎನ್ನುತ್ತ ಒಲೆಯ ಪಕ್ಕದಿಂದಲೇ ಹಾದಳು.

"ಇಂಗ್ವಿಲ್, ಹಿಂದೆ!" ಎಂದು ಗುರೋ ಕೂಗಿ ಎದ್ದಳು. ಕುರ್ಚಿ ಉರುಳಿತು. ತಡವಾಗಿತ್ತು. ನೊರೆ ಒಮ್ಮೆಲೇ ಅಂಚು ದಾಟಿ, ಹಂಡೆಯ ಹೊಳೆಯುವ ಗೋಡೆಯ ಮೇಲೆ ಜಾರಿ, ಹುಡುಗಿಯ ಎಡಗಾಲಿನ ಮೇಲೆ ಬಿತ್ತು.

ಆಮೇಲೆ ಕೂಗು, ಚೂರಾದ ತಟ್ಟೆ, ಉಸ್ಸೆಂದು ಆರಿದ ಉರಿ, ಗ್ಯಾಸಿನ ವಾಸನೆ. ಮಾಗ್ನೆ ಫೋನು ಹಿಡಿದುಕೊಂಡೇ ಬಿಳಿಚಿ ನಿಂತಿದ್ದ. ಗುರೋ ಗ್ಯಾಸ್ ಮುಚ್ಚಿ, ಇಂಗ್ವಿಲಳನ್ನು ಎತ್ತಿಕೊಂಡಂತೆಯೇ ಎಳೆದು, ಅಂಗಳದ ನಲ್ಲಿಯ ಕೆಳಗೆ ಕೂರಿಸಿ, ಚಪ್ಪಲಿ ಕಿತ್ತು, ಕಾಲಿನ ಮೇಲೆ ನೀರು ಬಿಟ್ಟಳು. ಇಪ್ಪತ್ತು ನಿಮಿಷ ಕದಲಲು ಬಿಡಲಿಲ್ಲ. ಡೈರಿಯಲ್ಲಿ ಬಿಸಿ ಹಾಲು ಬಿದ್ದವರನ್ನು ಹೀಗೇ ಹಿಡಿದು ಕೂರಿಸಿದ್ದಳು. ಪಾದದ ಮೇಲೆ ಚರ್ಮ ಕೆಂಪಾಗಿ, ಬೆರಳುಗಳ ಬುಡದಲ್ಲಿ ಗುಳ್ಳೆ ಏಳುವುದು ಕಣ್ಣೆದುರೇ ಕಾಣುತ್ತಿತ್ತು. ಹುಡುಗಿ ಹಲ್ಲು ಕಚ್ಚಿ ಅತ್ತೆಯ ತೋಳನ್ನು ಉಗುರು ನಾಟುವಂತೆ ಹಿಡಿದಿದ್ದಳು. ಮದುವೆಗೆ ಇನ್ನು ಹದಿನೈದು ದಿನ.

ಮಾಗ್ನೆ ಮಗಳನ್ನು ಕಾರಿನಲ್ಲಿ ಡಾಕ್ಟರ ಬಳಿಗೆ ಕರೆದೊಯ್ದ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಗುರೋ ಷೆಡ್ಡಿಗೆ ಬಂದಳು. ನೆಲದ ತುಂಬ ಅಂಟು, ಬನ್ನಿನ ಚೂರು. ಹಂಡೆಯಲ್ಲಿ ಎಂಬತ್ತೇಳೆಂಟು ಲೀಟರ್ ರಸ ಇನ್ನೂ ಹಬೆಯಾಡುತ್ತಿತ್ತು. ಇದನ್ನು ಹೀಗೇ ಬಿಟ್ಟು ಮನೆಗೆ ಹೋಗಬಹುದು ಎಂಬ ಯೋಚನೆ ಬಂತು. ಬೆಳಗಿನಿಂದ ಬಾಯಿ ಬಿಡದೆ ಕಾದದ್ದು ಇದಕ್ಕೇ ತಾನೆ? ಬಿಟ್ಟರೆ ಸಂಜೆಗೆ ಹುಳಿಯ ದಾರಿ ಹಿಡಿಯುತ್ತದೆ, ಮಾಗ್ನೆ ಅಂಗಡಿಯ ಬಿಯರಿಗೆ ಹೋಗುತ್ತಾನೆ, ಊರು ನಗುತ್ತದೆ. ಅಷ್ಟು ಸೊಗಸಾಗಿ ಕಂಡಿದ್ದ ನಗು ಈಗ ಬಾಯಲ್ಲಿ ಸೀದ ಹಿಟ್ಟಿನಂತಾಯಿತು.

ಶೂರನಿಗೆ ಫೋನು ಮಾಡಿದಳು. "ಟ್ರ್ಯಾಕ್ಟರು ತನ್ನಿ ಶೂರಣ್ಣ. ನಮ್ಮನೆ ಹಂಡೆ, ದೊಡ್ಡ ಒಲೆ, ಸೌಟು, ಒಣಗಿಸಿಟ್ಟ ಹುದುಗು, ಎಲ್ಲಾ ಹೇರ್ಕೊಂಡು ಬನ್ನಿ."

"ನಾನು ತಾಮ್ರದ್ದೇ ತರ್ತೀನಿ. ಮದುವೆ ಬಿಯರು ಕಣೇ."

"ಶೂರಣ್ಣ!"

"ಆಯ್ತು ಆಯ್ತು, ಚೀಸ್ ಹಂಡೆ."

ಇಬ್ಬರೂ ಬಕೆಟ್ಟಿನಲ್ಲಿ ರಸವನ್ನು ಸಾಗಿಸಿದರು. ಗುರೋ ತಳದ ಕಪ್ಪು ಕೆಸರು ಬರದಂತೆ ಕೊನೆಯ ಎರಡು ಬಕೆಟ್ ಬಿಟ್ಟಳು. ಅವಳ ಹಂಡೆಯಲ್ಲಿ ರಸ ಅರ್ಧಕ್ಕಿಂತ ಕೆಳಗೇ ನಿಂತಿತು. ಉರಿ ಜೋರಾಗಿದ್ದರೂ ನೊರೆ ಎದ್ದು, ಜಜ್ಜಿದ ಪಕ್ಕೆಯವರೆಗೆ ಬಂದು, ಜಾಗ ಸಾಕಷ್ಟಿದ್ದುದರಿಂದ ತಾನಾಗಿ ಕುಸಿಯಿತು. ಅವಳು ಸೌಟಿನಿಂದ ತೆಗೆಯುತ್ತ ನಿಂತಳು. ರಸ ತಣಿದ ಮೇಲೆ ಹುದುಗು ಉದುರಿಸಿ, ಮುಚ್ಚಳ ಮುಚ್ಚಿ, ಕಂಬಳಿ ಹೊದಿಸಿದಳು. ಬಿಯರ್ ಎಪ್ಪತ್ತು ಲೀಟರೂ ಆಗಲಾರದು. ಶೂರ್ ಸೌಟಿಗೆ ಅಂಟಿದ್ದ ಒಂದು ಹನಿ ನಾಲಗೆಗೆ ಹಚ್ಚಿಕೊಂಡು ಅವಳ ಮುಖ ನೋಡಿದ.

"ಸೀದ ವಾಸನೆ ಇದೆ."

"ಗೊತ್ತು."

"ಬೆಳಗ್ಗಿಂದ ಇಲ್ಲೇ ಕೂತಿದ್ದೆ ಅಲ್ವಾ ನೀನು?"

ಅವಳು ಕಂಬಳಿಯ ಅಂಚನ್ನು ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿದಳು. ಮುದುಕ ಟ್ರ್ಯಾಕ್ಟರು ಹತ್ತಿ ಹೋದ.

ಮಾರನೆಯ ದಿನ ಗುರೋ ಇಂಗ್ವಿಲಳನ್ನು ನೋಡಲು ಹೋದಳು. ಹುಡುಗಿ ಸೋಫಾದ ಮೇಲೆ ಕಾಲು ಚಾಚಿಕೊಂಡಿದ್ದಳು, ಪಾದ ಬಿಳಿ ಬಟ್ಟೆಯಲ್ಲಿ ದಿಂಬಿನಂತೆ ಊದಿಕೊಂಡಿತ್ತು. ಮದುವೆಗೆಂದು ಇಟ್ಟಿದ್ದ ಬೆಳ್ಳಿ ಬಕಲ್ಲಿನ ಬೂಟು ಪಕ್ಕದಲ್ಲಿತ್ತು.

"ಅಪ್ಪ ಹೇಳ್ತಿದಾರೆ, ಒಲೆ ಸರಿ ಇರ್ಲಿಲ್ವಂತೆ" ಎಂದಳು ಇಂಗ್ವಿಲ್. ಬೂಟನ್ನು ಆಚೆ ಸರಿಸಿದಳು. "ಅತ್ತೆ, ಅದು ಉಕ್ಕತ್ತೆ ಅಂತ ನಿಂಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಮಾಗ್ನೆಯ ಹಾಗೆ ಒಲೆಯ ಮೇಲೆ ಹಾಕಬಹುದಿತ್ತು.

"ಗೊತ್ತಿತ್ತು."

"ಯಾವಾಗಿಂದ?"

"ಹಂಡೆ ನೋಡಿದ ದಿನದಿಂದ."

ಇಂಗ್ವಿಲ್ ಅವಳನ್ನೇ ನೋಡಿದಳು. ಬೈದಿದ್ದರೆ ಗುರೋ ತಡೆದುಕೊಳ್ಳುತ್ತಿದ್ದಳು, ಬೈಗುಳಕ್ಕೆ ಅವಳ ಬಳಿ ಉತ್ತರ ಸಿದ್ಧವಿತ್ತು: ಅವನು ಕೇಳಲಿಲ್ಲ, ಪಾತ್ರೆ ತೊಳೆಯೋಳು ಅಂದ. ಆದರೆ ಹುಡುಗಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು.

"ನಂಗೆ ನಿದ್ದೆ ಬರ್ತಿದೆ ಅತ್ತೆ. ಹೋಗ್ಬಾ."

ಹನ್ನೆರಡು ದಿನ ಗುರೋ ಆ ಮನೆಯ ಕಡೆ ಹೋಗಲಿಲ್ಲ. ಅವಳ ಉತ್ತರಗಳು ಒಂದೊಂದಾಗಿ ಸಪ್ಪಗಾದವು. ಕೇಳಲಿಲ್ಲವಂತೆ! ಅರವತ್ತೊಂದು ವರ್ಷದವಳು, ಯಾರೋ ಕೇಳಲಿ ಎಂದು ಕುರ್ಚಿಯ ಮೇಲೆ ಕೂತಿದ್ದಳಂತೆ! ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವಳು ಅವರನ್ನು ಆಡಿಕೊಂಡು ಮೂರು ಕ್ರಿಸ್‌ಮಸ್ ಕಳೆಯುತ್ತಿದ್ದಳು. ಮದುವೆಗೆ ಮೂರು ದಿನ ಮುಂಚೆ ಇಂಗ್ವಿಲ್ ಫೋನಿನಲ್ಲಿ ಒಂದೇ ಸಾಲು ಬರೆದಳು: ಬಿಯರ್ ಪೀಪಾಯಿಗೆ ತುಂಬೋಕೆ ಬಾ, ಅಪ್ಪಂಗೆ ಬರಲ್ಲ.

ಮದುವೆಯ ದಿನ ಒಳ್ಳೆಯ ಬಿಸಿಲಿತ್ತು. ಇಂಗ್ವಿಲ್ ಬುನಾದ್ ಎಂಬ ಕಸೂತಿಯ ಸಾಂಪ್ರದಾಯಿಕ ಉಡುಗೆ ತೊಟ್ಟು, ಎದೆಯ ತುಂಬ ಬೆಳ್ಳಿ ಹಾಕಿಕೊಂಡು, ಕಾಲಿಗೆ ಮಾತ್ರ ಬೂದು ಬಣ್ಣದ ಉಣ್ಣೆಯ ಮನೆ ಚಪ್ಪಲಿ ಮೆಟ್ಟಿ ಚರ್ಚಿನಿಂದ ಕುಂಟುತ್ತ ಬಂದಳು. ಊಟದ ನಡುವೆ ಮಾಗ್ನೆ ಲೋಟ ತಟ್ಟಿ ಎದ್ದು ನಿಂತ. ಮಗಳ ಬಗ್ಗೆ ಐದು ನಿಮಿಷ ಮಾತಾಡಿದ, ಬಿಯರಿನ ಬಗ್ಗೆ ಹತ್ತು. ಮೂರು ಪದರದ ತಳ ಬಂತು, ಒಳಗೆ ಕೊರೆದ ಗೆರೆ ಬಂತು. "ಒಳ್ಳೇ ಕೆಲಸಕ್ಕೆ ಒಳ್ಳೇ ಸಲಕರಣೆ ಬೇಕು" ಎಂದ. ಅಪ್ಪನ ಕೈಗುಣ ತನಗೆ ಬಂದಿದೆ ಎಂದೂ ಸೂಚಿಸಿದ.

ಆಗ ಮೂಲೆಯ ಮೇಜಿನಿಂದ ಶೂರ್ ಗಟ್ಟಿಯಾಗಿ, "ಬುರುಡೆ! ಇದು ಚೀಸ್ ಹಂಡೆ ಬಿಯರು ಕಣಯ್ಯಾ!" ಎಂದ.

ಇಡೀ ಸಭೆ ಗೊಳ್ಳೆಂದಿತು. ಮಾಗ್ನೆಯ ಕಿವಿ ಕೆಂಪಾಯಿತು. ಗುರೋ ಇಂಥ ಗಳಿಗೆಯನ್ನು ಎಷ್ಟೋ ವರ್ಷದಿಂದ ಬಯಸಿದ್ದಳು. ಆದರೆ ಕಣ್ಣಿಗೆ ಬಿದ್ದದ್ದು ಮೇಜಿನಡಿಯ ಆ ಬೂದು ಚಪ್ಪಲಿ. ನಗಲಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಇಂಗ್ವಿಲ್ ಬಂದು ಪಕ್ಕದ ಕುರ್ಚಿಯಲ್ಲಿ ಧಪ್ಪನೆ ಕೂತಳು. ಲೋಟ ಎತ್ತಿ ಒಂದು ಗುಟುಕು ಕುಡಿದಳು.

"ಸೀದ ವಾಸನೆ ಇದೆ ಅತ್ತೆ."

"ಇದೆ."

"ಎಲ್ಲರೂ ಹೊಗೆ ಹಾಕಿದ ಮಾಲ್ಟು ಅಂದ್ಕೊಂಡಿದಾರೆ. ನನ್ನ ಮಾವನೋರು ರೆಸಿಪಿ ಕೇಳ್ತಿದಾರೆ."

"ಹಾಗಾದ್ರೆ ಅವರಿಗೆ ನಾಲಗೆ ಇಲ್ಲ."

ಇಂಗ್ವಿಲ್ ನಗುತ್ತ ಬಿಯರ್ ಗಂಟಲಿಗೆ ಸಿಕ್ಕಿಸಿಕೊಂಡಳು. ಗುರೋ ಬೆನ್ನು ತಟ್ಟಿದಳು. "ತಪ್ಪಾಯ್ತು ಕಣೇ" ಎಂದಳು, ತಟ್ಟುತ್ತಲೇ, ಆ ಕಡೆ ನೋಡುತ್ತ. ಆ ಮಾತನ್ನು ಅವಳು ಕೊನೆಯ ಸಲ ಯಾರಿಗೆ ಹೇಳಿದ್ದಳೋ ಅವಳಿಗೇ ನೆನಪಿರಲಿಲ್ಲ.

"ಹೂಂ" ಎಂದಳು ಇಂಗ್ವಿಲ್. "ಚಪ್ಪಲಿ ಆರಾಮಾಗಿದೆ. ಬೂಟಾಗಿದ್ರೆ ಈ ಹೊತ್ತಿಗೆ ಕುಣಿಯೋಕೆ ಆಗ್ತಿರ್ಲಿಲ್ಲ." ಅಂದವಳು ಎದ್ದು ಕುಂಟುತ್ತಲೇ ಕುಣಿಯಲು ಹೋದಳು.

ಮರುದಿನ ಹತ್ತು ಗಂಟೆಗೆ ಮಾಗ್ನೆ ತನ್ನ ಹಂಡೆಯನ್ನು ಕಾರಿನ ಹಿಂದೆ ಹೇರಿಕೊಂಡು ಗುರೋಳ ಅಂಗಳಕ್ಕೆ ಬಂದ. ಎರಡು ವಾರದಿಂದ ಅದನ್ನು ತೊಳೆಯದೆ ಷೆಡ್ಡಿನಲ್ಲಿ ಮುಚ್ಚಿಟ್ಟಿದ್ದ. ತಳದಲ್ಲಿ ಕಪ್ಪು ಕರಿ ಒಂದು ಬೆರಳು ದಪ್ಪ ಹಿಡಿದಿತ್ತು, ಅದರ ಮೇಲೆ ಹಸಿರು ಬೂಷ್ಟು. ಇಸ್ತ್ರಿಯಿಲ್ಲದ ಅಂಗಿಯಲ್ಲಿ, ಹಿಂದಿನ ದಿನದ ಬಿಯರಿನಿಂದ ಕೆಂಪಾದ ಕಣ್ಣಲ್ಲಿ, ಅವನು ಮೊದಲ ಸಲ ವಯಸ್ಸಾದವನಂತೆ ಕಂಡ.

"ಹೋಗ್ತಿಲ್ಲ ಅಕ್ಕ. ಬೆಳಗ್ಗೆ ಒಂದು ಪಕ್ಕ ಸ್ಟೀಲ್ ನಾರು ಹಾಕಿ ಉಜ್ಜಿ ನೋಡಿದೆ."

"ಹಾಕಿದ್ಯಾ? ಭೇಷ್. ಈಗ ಗೀರು ಬಿತ್ತು. ಇನ್ಮೇಲೆ ಪ್ರತಿ ಸಲ ಆ ಗೀರಿಗೇ ಹಿಡಿಯತ್ತೆ." ಬೈದುಕೊಂಡೇ ಒಳಗಿಂದ ಸೋಡಾ ಪುಡಿಯನ್ನೂ ಕಾದ ನೀರನ್ನೂ ತಂದು ಹಂಡೆಗೆ ಸುರಿದಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ನೆನೆಯಲು ಬಿಟ್ಟರು.

"ಹಂಡೆ ತಪ್ಪು ಅಂತ ಅವತ್ತೇ ಯಾಕೆ ಹೇಳ್ಲಿಲ್ಲ?" ಎಂದ ಮಾಗ್ನೆ. ಇಂಗ್ವಿಲ್ ಹೇಳಿರಬೇಕು.

"ಹೇಳ್ಬೇಕಿತ್ತು."

ಅವನು ಜಗಳಕ್ಕೆ ಸಿದ್ಧನಾಗಿ ಬಂದಿದ್ದ. ಗಡ್ಡ ಕೆರೆದುಕೊಂಡ. "ಈಗ ಹೇಳು. ಹಂಡೆ ಹೇಗೆ ನೋಡಿ ತಗೋಬೇಕು?"

"ಮೊದಲು ಎಷ್ಟು ಬಿಯರ್ ಬೇಕು ಅಂತ ಗೊತ್ತಿರ್ಬೇಕು. ಅದಕ್ಕೆ ಅರ್ಧ ಸೇರಿಸು, ಅಷ್ಟು ದೊಡ್ಡದು ಬೇಕು. ಇದು ಅರವತ್ತು ಲೀಟರ್ ಬಿಯರಿನ ಹಂಡೆ. ಅರವತ್ತಕ್ಕೆ ಒಳ್ಳೇದೇ, ತಳ ಚೆನ್ನಾಗಿದೆ. ಹೊಳಪು ನೋಡ್ಬೇಡ, ನಲ್ಲಿ ನೋಡು. ಆ ಪೆನ್ಸಿಲ್ ನಲ್ಲಿ ಕಿತ್ತು ದಪ್ಪದ್ದು ಹಾಕ್ಸು. ಕಾಳು ಒಳಗಿರುವಾಗ ಕೆಳಗೆ ಉರಿ ಹಾಕ್ಬೇಡ. ಬಿಸಿ ಸಾಲದಿದ್ರೆ ಕುದಿಯೋ ನೀರು ಹುಯ್ಯಿ. ಥರ್ಮಾಮೀಟರನ್ನ ಗೋಡೇಲಿಟ್ಟು ನಂಬ್ಬೇಡ, ಕೈಯಲ್ಲಿ ಹಿಡಿದು ನಡುವೆ ಅದ್ದು. ಆಮೇಲೆ ಒಲೆ, ಅಗಲ—"

"ಅಗಲದ ವಿಷ್ಯ ನಾನು ಓದಿದೀನಿ" ಎಂದು ಮಾಗ್ನೆ ತನ್ನ ಡ್ರೈವಿಂಗ್ ಶಾಲೆಯ ದನಿಯಲ್ಲಿ ಶುರುಮಾಡಿದ. "ಅದೇನಂದ್ರೆ ಅಕ್ಕ, ಎತ್ತರಕ್ಕೂ ಅಗಲಕ್ಕೂ ಒಂದು ಲೆಕ್ಕ—"

"ಮಾಗ್ನೆ."

"ಏನು?"

"ಬಾಯಿ ಮುಚ್ಕೊಂಡು ಉಜ್ಜು."

ಅವನ ಕೈಗೆ ಹಳೆ ಬಟ್ಟೆ ಕೊಟ್ಟಳು. ಅವನು ಗೊಣಗುತ್ತ ಮಂಡಿಯೂರಿ ಹಂಡೆಯೊಳಗೆ ತಲೆ ತೂರಿಸಿದ. ಕರಿ ಪದರ ಪದರವಾಗಿ ಏಳತೊಡಗಿತು. ಅವನು ಉಜ್ಜುವ ರೀತಿ ನೋಡಿದರೆ ಡೈರಿಯಲ್ಲಿ ಅವನನ್ನು ಅರ್ಧ ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ಗುರೋ ಸ್ವಲ್ಪ ಹೊತ್ತು ಸಹಿಸಿಕೊಂಡಳು. ಆಮೇಲೆ ತೋಳು ಮಡಿಸಿ, ಇನ್ನೊಂದು ಬಟ್ಟೆ ಹಿಡಿದು, ಎದುರು ಪಕ್ಕದಿಂದ ಕೈಹಾಕಿದಳು.

"ಗುಂಡಗೆ ಅಲ್ವೋ" ಎಂದಳು. "ಉದ್ದಕ್ಕೆ ಉಜ್ಜು. ಉದ್ದಕ್ಕೆ."